ಲೈಟ್ ಹಿಡಿಯುವ ಹುದ್ದೆ

ಹಳೆಯ ಕ್ಯಾಮರಾಗಳ ಮೇಲೆ ಇತ್ತೀಚೆಗೆ ಹುಟ್ಟಿಕೊಂಡಿರುವ ಪ್ರೀತಿಯನ್ನು ನಾನು ಖಂಡಿಸುತ್ತೇನೆ. ಕೋರ್ಟಿನಲ್ಲಿ ಶಿರಸ್ತೇದಾರನಾಗಿ ನಿವೃತ್ತನಾದವನು ನಾನು. ಏನನ್ನು ಖಂಡಿಸುವುದಿದ್ದರೂ ಕಾಗದದ ಮೇಲೆ ಖಂಡಿಸಬೇಕು ಎಂಬ ಚಟ ಇನ್ನೂ ಬಿಟ್ಟಿಲ್ಲ.

ಕಿಸೆಯಲ್ಲಿ ಒಳ್ಳೆಯ ಫೋನು ಇಟ್ಟುಕೊಂಡ ಹುಡುಗ ಹುಡುಗಿಯರು ಈಗ ಕುತ್ತಿಗೆಗೆ ಹಳೆಯ ಡಿಜಿಟಲ್ ಕ್ಯಾಮರಾ ನೇತುಹಾಕಿಕೊಂಡು ತಿರುಗುತ್ತಾರೆ. ಅದರಲ್ಲಿ ತೆಗೆದ ಪಟ ಮಸುಕಾಗಿ ಬರುತ್ತದೆ, ಮಸುಕೇ ಚಂದ ಅಂತೆ. ನನ್ನ ಎಡಗಣ್ಣಿಗೆ ಪೊರೆ ಬಂದಾಗ ಇಡೀ ಮಂಗಳೂರು ನನಗೆ ಹಾಗೆಯೇ ಕಾಣುತ್ತಿತ್ತು. ತಿಳಿಯದೆ ಕಂಕನಾಡಿಯ ಆಸ್ಪತ್ರೆಗೆ ಹೋಗಿ ತೆಗೆಸಿಬಿಟ್ಟೆ. ಇಟ್ಟುಕೊಂಡಿದ್ದರೆ ಇವತ್ತು ನಾನೂ ಫ್ಯಾಶನ್ನಿನಲ್ಲಿ ಇರುತ್ತಿದ್ದೆ.

ಈ ಪಂಥದ ಮುಂದಾಳು ನನ್ನ ತಮ್ಮನ ಮಗಳು. ಅವಳ ಮೇಲೆ ನನಗೆ ದ್ವೇಷವಿಲ್ಲ. ನಮ್ಮ ಮನೆಯಲ್ಲೇ ಬೆಳೆದವಳು. ದ್ವೇಷ ಇರುವುದು ಆ ಯಂತ್ರಗಳ ಮೇಲೆ. ಅವುಗಳ ಆಳ್ವಿಕೆಯಲ್ಲಿ ಬದುಕಿದವನು ನಾನು. ಅವಳು ಆಗ ತೊಟ್ಟಿಲಿನಲ್ಲಿದ್ದಳು.

ಮೊದಲನೆಯದು ಬಂದದ್ದು ಗಲ್ಫಿನಿಂದ, ತಮ್ಮನ ಹೆಗಲ ಮೇಲೆ. ಬಜ್ಪೆಯ ವಿಮಾನ ನಿಲ್ದಾಣದಿಂದ ಕುಲಶೇಖರದ ನಮ್ಮ ಮನೆಯವರೆಗೆ ಟ್ಯಾಕ್ಸಿಯಲ್ಲಿ ಆ ಕಪ್ಪು ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು ಬಂದ. ಹೆಂಡತಿಯ ತೊಡೆಯ ಮೇಲೆ ಮಗು ಇತ್ತು. ತಿರುವಿನಲ್ಲಿ ಟ್ಯಾಕ್ಸಿ ವಾಲಿದಾಗಲೆಲ್ಲ ಅವನು ಚೀಲವನ್ನೇ ಅವಚಿಕೊಳ್ಳುತ್ತಿದ್ದನಂತೆ. ಇದನ್ನು ಅವನ ಹೆಂಡತಿ ಈಗಲೂ ಹೇಳುತ್ತಾಳೆ. ಮೊದಮೊದಲು ನಗುತ್ತ ಹೇಳುತ್ತಿದ್ದಳು.

ಆ ವೀಡಿಯೊ ಕ್ಯಾಮರಾ ಬಂದ ಮೇಲೆ ನಮ್ಮ ಮನೆಯಲ್ಲಿ ಯಾವ ಕೆಲಸವೂ ಒಂದೇ ಸಲಕ್ಕೆ ಮುಗಿಯಲಿಲ್ಲ. ಅಮ್ಮ ದೋಸೆ ಎರೆದರೆ, ಈಗ ಎರೆದದ್ದು ಬರಲಿಲ್ಲ, ಇನ್ನೊಂದು ಸಲ ಎರೆ ಎನ್ನುತ್ತಿದ್ದ. ತಂದೆಯವರು ಮೀನು ತೆಗೆದುಕೊಂಡು ಗೇಟಿನೊಳಗೆ ಬಂದರೆ, ಬೆಳಕು ಹಿಂದಿನಿಂದ ಬರುತ್ತಿದೆ, ವಾಪಸು ಹೋಗಿ ಈ ಬದಿಯಿಂದ ಬನ್ನಿ ಎಂದ. ನಮ್ಮ ತಂದೆ ಜೀವಮಾನದಲ್ಲಿ ಯಾರು ಹೇಳಿದರೂ ಒಂದು ಹೆಜ್ಜೆ ಹಿಂದೆ ಇಟ್ಟವರಲ್ಲ. ಯಂತ್ರದ ಆಜ್ಞೆಯಾಯಿತೆಂದು ಬಂಗುಡೆಯ ಪ್ಲಾಸ್ಟಿಕ್ ತೊಟ್ಟೆ ಹಿಡಿದುಕೊಂಡು ರಸ್ತೆಯವರೆಗೆ ಹಿಂದೆ ಹೋಗಿ, ಅಪರಾಧಿಯ ಮುಖ ಮಾಡಿಕೊಂಡು ಮತ್ತೆ ಬಂದರು. ಬೆಕ್ಕು ಮಾತ್ರ ಯಾವ ಆಜ್ಞೆಗೂ ಕಾಯದೆ ಎರಡು ಸಲವೂ ಅವರ ಹಿಂದೆ ಸಹಜವಾಗಿ ನಡೆದಿದೆ. ಆ ಕ್ಯಾಸೆಟ್ಟಿನಲ್ಲಿ ನಟನೆ ಬಲ್ಲದ್ದು ಅದೊಂದೇ.

ಉಳಿದವರೆಲ್ಲ ಕೈಬೀಸಿದರು. ಕ್ಯಾಮರಾ ತಿರುಗಿದ ಕಡೆ ಇರುವವರು, ಬಸ್ಸು ಹತ್ತಿ ಕೂತವರನ್ನು ಕಳಿಸಿಕೊಡುವ ಹಾಗೆ ಕೈಬೀಸುತ್ತಿದ್ದರು. ಊಟಕ್ಕೆ ಕೂತವರು ಎಡಗೈ ಬೀಸಿದರು. ಪಕ್ಕದ ಮನೆಯ ಕೊಂಕಣಿ ಕ್ರೈಸ್ತ ಬಾಯಮ್ಮ ಬಟ್ಟೆ ಒಣಗಿಸುತ್ತಿದ್ದವರು ಬೇಲಿಯಾಚೆಯಿಂದ ಒದ್ದೆ ತಲೆದಿಂಬಿನ ಚೀಲವನ್ನೇ ಬೀಸಿದರು.

ಇಷ್ಟರಲ್ಲೇ ನಿಂತಿದ್ದರೆ ನಾನು ಇದನ್ನು ಬರೆಯಲು ಕೂರುತ್ತಿರಲಿಲ್ಲ. ಆದರೆ ಆ ಕ್ಯಾಮರಾಕ್ಕೆ ಮನೆಯೊಳಗೆ ಕಣ್ಣು ಕಾಣುತ್ತಿರಲಿಲ್ಲ. ಹಗಲು ಅಂಗಳದಲ್ಲಿ ತೆಗೆದದ್ದು ಸರಿ ಬರುತ್ತಿತ್ತು. ಒಳಗೆ ತೆಗೆದದ್ದರಲ್ಲಿ ನಾವೆಲ್ಲ ಇರುವೆ ಮುತ್ತಿದ ಬೆಲ್ಲದ ಹಾಗೆ ಕಾಣುತ್ತಿದ್ದೆವು. ನಮ್ಮ ಶುಭಕಾರ್ಯಗಳೆಲ್ಲ ಒಳಗೇ ನಡೆಯುವುದರಿಂದ ತಮ್ಮನಿಗೆ ದೊಡ್ಡ ಚಿಂತೆಯಾಯಿತು. ಬಾಯಮ್ಮನ ಅಳಿಯ ಆಗ ತನ್ನ ಫೊಟೊ ಸ್ಟುಡಿಯೊ ಮುಚ್ಚುತ್ತಿದ್ದ. ಅವನಲ್ಲಿಂದ ಒಂದು ಹ್ಯಾಲೊಜನ್ ಲೈಟ್ ಬಂತು.

ಅದನ್ನು ನೋಡದವರಿಗೆ ಹೇಳುತ್ತೇನೆ. ತಗಡಿನ ಪೆಟ್ಟಿಗೆ, ಮುಂದೆ ಗಾಜು, ಹಿಂದೆ ಹಿಡಿ, ಹಿಡಿಯಿಂದ ಗೋಡೆಯವರೆಗೆ ಉದ್ದ ವಯರು. ಹೊತ್ತಿಸಿದರೆ ದೇವರ ಕೋಣೆ ಮೀನಿನ ಮಾರುಕಟ್ಟೆಯಷ್ಟು ಬೆಳಗುತ್ತಿತ್ತು. ಹಾತೆಗಳು ಬಂದು ಗಾಜಿಗೆ ತಾಗಿ ಸುಟ್ಟು, ಅಗರಬತ್ತಿಯ ಪರಿಮಳವನ್ನು ಮೀರಿಸಿದ ಒಂದು ನಾತ ಬರುತ್ತಿತ್ತು. ಸ್ವಲ್ಪ ಹೊತ್ತಿಗೆ ಹಿಡಿಯೇ ಬಿಸಿಯಾಗಿ ಬೈರಾಸು, ಅಂದರೆ ಮೈ ಒರೆಸುವ ಬಟ್ಟೆ, ಸುತ್ತಿಕೊಂಡು ಹಿಡಿಯಬೇಕಿತ್ತು. ಕ್ಯಾಮರಾ ಹೋದಲ್ಲೆಲ್ಲ ಅದು ಹಿಂದೆ ಹೋಗಬೇಕು, ಎತ್ತರದಲ್ಲಿ ಇರಬೇಕು, ನಡುಗಬಾರದು.

ಈ ಹುದ್ದೆಗೆ ಅರ್ಜಿ ಕರೆಯಲಿಲ್ಲ. ಅಕ್ಕನನ್ನು ನೇಮಿಸಲಾಯಿತು.

ಅಕ್ಕ ನಮ್ಮಿಬ್ಬರಿಗಿಂತಲೂ ದೊಡ್ಡವಳು. ಮದುವೆಯಾಗಲಿಲ್ಲ. ಯಾಕೆ ಆಗಲಿಲ್ಲ ಎನ್ನುವುದು ಇಲ್ಲಿ ಅಪ್ರಸ್ತುತ. ಅವಳೇ ಅದನ್ನು ಎಂದೋ ವಜಾ ಮಾಡಿದ್ದಳು. ಜಗಲಿಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಕುಲಶೇಖರದ ಹೆಂಗಸರ ರವಿಕೆ ಹೊಲಿಯುತ್ತಿದ್ದಳು, ಬಾಯಮ್ಮನ ಮನೆಯ ಮದುಮಗಳ ಬಿಳಿ ಉಡುಪನ್ನೂ ಹೊಲಿದವಳು. ತಮ್ಮ ಹೇಳಿದ ಕಾರಣ ಇಷ್ಟು: ಅಕ್ಕ ಎತ್ತರ, ಸೂಜಿ ಹಿಡಿದು ಪಳಗಿದ ಕೈ ನಡುಗುವುದಿಲ್ಲ. ಎರಡೂ ನಿಜ. ಸುಳ್ಳು ಹೇಳಲು ನಿಜಕ್ಕಿಂತ ಒಳ್ಳೆಯ ಸಾಮಗ್ರಿ ಇಲ್ಲ ಎಂಬುದು ಕೋರ್ಟಿನಲ್ಲಿ ಕೂತವರಿಗೆಲ್ಲ ಗೊತ್ತು.

ತಮ್ಮನ ಪ್ರತಿ ರಜೆಯಲ್ಲೂ ಒಂದಲ್ಲ ಒಂದು ಕಾರ್ಯ ಇರುತ್ತಿತ್ತು. ನಾಮಕರಣ, ಅನ್ನಪ್ರಾಶನ, ಚಿಕ್ಕಪ್ಪನ ಮಗಳ ಮದುವೆ, ಗೃಹಪ್ರವೇಶ. ಎಲ್ಲದರಲ್ಲೂ ಅಕ್ಕ ಗೋಡೆಗೆ ಬೆನ್ನು ಕೊಟ್ಟು, ಬೈರಾಸು ಸುತ್ತಿದ ಕೈ ಎತ್ತಿ, ಬೆವರು ಒರೆಸಲು ಇನ್ನೊಂದು ಕೈ ಬಿಡುವಿಲ್ಲದೆ ನಿಂತಿದ್ದಳು. ಅವಳು ಒಂದು ಕ್ಯಾಸೆಟ್ಟಿನಲ್ಲಿಯೂ ಇಲ್ಲ. ಇರುವುದು ತಮ್ಮನ ಕೂಗು ಮಾತ್ರ. ಮಂತ್ರದ ನಡುವೆ, ವಾಲಗದ ನಡುವೆ, ಮಗುವಿನ ಅಳುವಿನ ನಡುವೆ ಅವನ ಧ್ವನಿ ಕೇಳುತ್ತದೆ: ಲೈಟ್ ಮೇಲೆ. ಲೈಟ್, ಮುಖಕ್ಕೆ. ಲೈಟ್, ಎಲ್ಲಿ ನೋಡ್ತಿ? ಅಕ್ಕ ಎಂಬ ಶಬ್ದ ಎಲ್ಲೂ ಇಲ್ಲ. ಅವಸರದಲ್ಲಿ ಅಷ್ಟುದ್ದದ ಸಂಬಂಧ ಯಾರು ಹೇಳುತ್ತಾರೆ?

ಮುಂದೆ ಡಿಜಿಟಲ್ ಕ್ಯಾಮರಾ ಬಂತು, ಸಾಬೂನಿನ ಪೆಟ್ಟಿಗೆಯಷ್ಟು ದೊಡ್ಡದು, ಸಾಬೂನಿನಷ್ಟೂ ಪ್ರಯೋಜನ ಇಲ್ಲದ್ದು. ಗುಂಡಿ ಒತ್ತಿದ ಮೇಲೆ ಅದು ಯೋಚನೆ ಮಾಡುತ್ತಿತ್ತು. ಅದರ ಯೋಚನೆ ಮುಗಿಯುವವರೆಗೆ ನಾವು ಹಲ್ಲು ಬಿಟ್ಟುಕೊಂಡು ನಿಲ್ಲಬೇಕು. ಕೊನೆಗೆ ಅದು ಪಟ ತೆಗೆಯುತ್ತಿದ್ದದ್ದು ನಾವು ಹಲ್ಲು ಮುಚ್ಚಿ, ಆಯಿತಾ ಎಂದು ಕೇಳುವ ಹೊತ್ತಿಗೆ. ಹಾಗಾಗಿ ಆ ಕಾಲದ ಪಟಗಳಲ್ಲಿ ನಮ್ಮ ಕುಟುಂಬದವರೆಲ್ಲ ಕೆಂಪು ಕಣ್ಣು ಬಿಟ್ಟುಕೊಂಡು ಏನನ್ನೋ ಕೇಳುತ್ತಿದ್ದಾರೆ. ಬ್ಯಾಟರಿ ತೆಗೆದಾಗಲೆಲ್ಲ ಅದರ ತಾರೀಕು ಕಾರ್ಖಾನೆಯ ತಾರೀಕಿಗೆ ಹಿಂದಿರುಗುತ್ತಿತ್ತು. ಸರಿಪಡಿಸಲು ತಮ್ಮನಿಗೆ ಗೊತ್ತಿರಲಿಲ್ಲ, ಗೊತ್ತಿಲ್ಲ ಎಂದು ಒಪ್ಪಲೂ ಗೊತ್ತಿರಲಿಲ್ಲ. ಆ ಪಟಗಳ ಮೂಲೆಯ ಕಿತ್ತಳೆ ಅಂಕಿಗಳನ್ನು ನಂಬಿದರೆ ನಮ್ಮ ತಂದೆಯವರು ತೀರಿಹೋದ ಮೇಲಿನ ಬೊಜ್ಜವೂ ನೆಂಟರ ಮಕ್ಕಳ ಹುಟ್ಟುಹಬ್ಬಗಳೂ ಒಂದೇ ದಿನ ನಡೆದಿವೆ. ಈಗಿನವರು ಆ ಕಿತ್ತಳೆ ಅಂಕಿಗಳನ್ನು ಫೋನಿನ ಪಟಕ್ಕೆ ಬೇಕೆಂದೇ ಅಂಟಿಸುತ್ತಾರೆ. ತಪ್ಪನ್ನು ತಪ್ಪಾಗಿ ಮಾಡುವವರನ್ನು ಕ್ಷಮಿಸಬಹುದು. ಅಲಂಕಾರಕ್ಕೆ ಮಾಡುವವರನ್ನು ಏನು ಮಾಡುವುದು?

ಹುಡುಗಿಯ ವಿಷಯಕ್ಕೆ ಬರುತ್ತೇನೆ. ಶಾಲೆಯ ವಯಸ್ಸಿಗೆ ಅವಳನ್ನು ತಮ್ಮ ಇಲ್ಲಿಗೆ ಕಳಿಸಿದ. ಅವನೂ ಹೆಂಡತಿಯೂ ಗಲ್ಫಿನಲ್ಲಿ ಉಳಿದರು. ತಂದೆತಾಯಿ ತೀರಿಹೋದ ಮೇಲೆ ಕುಲಶೇಖರದ ಮನೆಯಲ್ಲಿ ಉಳಿದವರು ನಾನು, ನನ್ನ ಹೆಂಡತಿ, ಅಕ್ಕ. ಅವಳನ್ನು ಸಾಕಿದ್ದು ಅಕ್ಕ. ನಮ್ಮಲ್ಲಿ ತಂದೆಯ ಸೋದರಿಯನ್ನು ಮಾಮಿ ಎನ್ನುತ್ತಾರೆ. ಆ ಮಗು ದಿನಕ್ಕೆ ಎಷ್ಟು ಸಲ ಮಾಮಿ ಎನ್ನುತ್ತಿತ್ತೆಂದರೆ ಹೊಲಿಗೆಗೆ ಬಂದ ಹೆಂಗಸರೂ ಅಕ್ಕನನ್ನು ಹಾಗೆಯೇ ಕರೆಯತೊಡಗಿದರು. ಜಡೆ ಹಾಕಿದ್ದು, ಜ್ವರಕ್ಕೆ ಹಣೆ ಒತ್ತಿದ್ದು, ಲೆಕ್ಕದ ಪರೀಕ್ಷೆಯಲ್ಲಿ ಫೇಲಾದಾಗ ಟೀಚರಿನ ಎದುರು ತಲೆ ತಗ್ಗಿಸಿ ನಿಂತದ್ದು, ಮನೆಗೆ ಬಂದ ಮೇಲೆ ಬೆತ್ತ ತೆಗೆದದ್ದು ಎಲ್ಲ ಅಕ್ಕ. ಈ ಯಾವುದನ್ನೂ ಯಾರೂ ವೀಡಿಯೊ ಮಾಡಲಿಲ್ಲ. ತಮ್ಮ ಊರಲ್ಲಿ ಇರಲಿಲ್ಲವಲ್ಲ.

ಕಳೆದ ವರ್ಷ ಅವಳ ಮದುವೆ ನಿಶ್ಚಯವಾಯಿತು. ಅಷ್ಟರಲ್ಲಿ ತಮ್ಮ ಗಲ್ಫ್ ಬಿಟ್ಟು ಬಂದು ಪಡೀಲಿನಲ್ಲಿ ಮನೆ ಕಟ್ಟಿಸಿ, ಕೆಲಸವಿಲ್ಲದೆ ತೊಂದರೆ ಕೊಡುತ್ತಿದ್ದ. ಅಪ್ಪ ಮಗಳು ಸೇರಿ ಅಟ್ಟದಿಂದ ಕ್ಯಾಸೆಟ್ಟುಗಳನ್ನು ಇಳಿಸಿದರು, ಕಂಕನಾಡಿಯ ಒಂದು ಅಂಗಡಿಯಲ್ಲಿ ಕೊಟ್ಟು ಪೆನ್‌ಡ್ರೈವಿಗೆ ಹಾಕಿಸಿದರು. ಹಳೆಯ ಕ್ಯಾಮರಾವೂ ರಿಪೇರಿಯಾಗಿ ಬಂತು. ಒಂದು ಭಾನುವಾರ ನಮ್ಮ ಮನೆಯಲ್ಲೇ ದೊಡ್ಡ ಟಿ.ವಿ.ಯಲ್ಲಿ ಪ್ರದರ್ಶನ ಏರ್ಪಟ್ಟಿತು. ನನ್ನನ್ನು ಮುಂದಿನ ಸಾಲಿನಲ್ಲಿ ಕೂರಿಸಿದರು. ಸತ್ತವರು ಎದ್ದು ಬಂದು ಕೈಬೀಸಿದರು. ನನ್ನ ತಲೆಯಲ್ಲಿ ಕೂದಲಿತ್ತು. ಇದನ್ನು ನೋಡಿ ಸಂತೋಷಪಡಬೇಕು ಎಂಬ ಒತ್ತಾಯ ಎಲ್ಲ ಕಡೆಯಿಂದ ಇತ್ತು.

ಹುಡುಗಿಗೆ ಎಲ್ಲಕ್ಕಿಂತ ಇಷ್ಟವಾದದ್ದು ತಮ್ಮನ ಕೂಗು. ಲೈಟ್, ಎಲ್ಲಿ ನೋಡ್ತಿ? ಎಂದದ್ದನ್ನು ಹಿಂದೆ ಮುಂದೆ ಮಾಡಿ ಮತ್ತೆ ಮತ್ತೆ ಹಾಕಿ ನಗಿಸಿದಳು. ತಮ್ಮ ಎಲ್ಲರಿಗಿಂತ ಜೋರಾಗಿ ನಕ್ಕ. ನನ್ನ ಹೆಂಡತಿಯೂ ನಕ್ಕಳು, ನಾನೂ ಸ್ವಲ್ಪ ನಕ್ಕೆನೆಂದು ದಾಖಲಿಸಬೇಕು. ಅಕ್ಕ ಬಾಗಿಲ ಬಳಿ ಕೂತು ಯಾರದ್ದೋ ರವಿಕೆಗೆ ಕೊಕ್ಕೆ ಹಾಕುತ್ತಿದ್ದಳು. ಅಷ್ಟು ಹೊತ್ತೂ ತಲೆ ಎತ್ತಲಿಲ್ಲ. ಅವಳು ನೋಡುವುದಕ್ಕಾದರೂ ಅದರಲ್ಲಿ ಏನಿತ್ತು?

ನಗೆ ಇಳಿದ ಮೇಲೆ ಹುಡುಗಿ ಅಕ್ಕನ ಪಕ್ಕ ನೆಲದಲ್ಲಿ ಕೂತು ತನ್ನ ಯೋಜನೆ ಹೇಳಿದಳು. ಮದರಂಗಿ ಕಾರ್ಯಕ್ರಮ ಪಡೀಲಿನ ಹೊಸ ಮನೆಯಲ್ಲಿ ಬೇಡ, ಕುಲಶೇಖರದ ಇದೇ ಅಂಗಳದಲ್ಲಿ. ಹಳೆಯ ಕ್ಯಾಮರಾದಲ್ಲಿ ಅಪ್ಪ ತೆಗೆಯಬೇಕು. ಟ್ಯೂಬ್‌ಲೈಟ್ ಇಲ್ಲ, ಚಪ್ಪರಕ್ಕೆ ಸಣ್ಣ ಹಳದಿ ಬಲ್ಬಿನ ಸರ ಮಾತ್ರ. ಆಮೇಲೆ ಆ ಹ್ಯಾಲೊಜನ್.

“ಮಾಮಿ, ನೀವೇ ಹಿಡೀಬೇಕು,” ಎಂದಳು. “ನನಗೆ ಒರಿಜಿನಲ್ ಟೀಮೇ ಬೇಕು.”

“ಯಾವ ಹೊತ್ತಿಗೆ?” ಅಕ್ಕ ಕೇಳಿದಳು.

“ಮೊದಲು ಮದರಂಗಿ ಇಡ್ತಾರಲ್ಲ, ಆಗ. ಅದೇ ಮೇನ್ ಶಾಟ್.”

ಅಕ್ಕ ಹಲ್ಲಿನಿಂದ ನೂಲು ಕಡಿದು, ನೋಡುವ ಎಂದಳು.

ಈಗ ಆ ಹುದ್ದೆಯ ನಿಜವಾದ ಕರ್ತವ್ಯ ಏನೆಂದು ಹೇಳಬೇಕು. ನಮ್ಮಲ್ಲಿ ಶುಭಕಾರ್ಯದಲ್ಲಿ ಒಂದು ಗಳಿಗೆ ಬರುತ್ತದೆ. ಹಿರಿಯರೊಬ್ಬರು, ಐದು ಜನ ಮುತ್ತೈದೆಯರು ಬನ್ನಿ ಎಂದು ಕರೆಯುತ್ತಾರೆ. ಆರತಿಗೆ, ಎಣ್ಣೆ ಅರಿಶಿನಕ್ಕೆ, ಮದರಂಗಿಗೆ. ಗಂಡಂದಿರು ಬದುಕಿರುವ ಹೆಂಗಸರು ಸೆರಗು ಸರಿಮಾಡಿಕೊಂಡು ಏಳುತ್ತಾರೆ. ಆ ಸಾಲಿನ ನಡುವೆ ಮದುವೆಯಾಗದ ಹಿರಿಯಕ್ಕ ಕೂತಿದ್ದರೆ ಎಲ್ಲರಿಗೂ ಕಷ್ಟ. ಕರೆದರೆ ಪದ್ಧತಿಗೆ ಕಷ್ಟ, ಕರೆಯದಿದ್ದರೆ ಕಣ್ಣಿಗೆ ಕಷ್ಟ. ಕ್ಯಾಮರಾ ಬರುವುದಕ್ಕೆ ಮೊದಲು ಅಕ್ಕನೇ ಆ ಗಳಿಗೆಗೆ ಸರಿಯಾಗಿ, ಪಾಯಸ ತಳ ಹಿಡಿಯುತ್ತದೆ ಎಂದು ಎದ್ದು ಅಡುಗೆಮನೆಗೆ ಹೋಗುತ್ತಿದ್ದಳು. ಅಷ್ಟು ಸಲ ತಳ ಹಿಡಿಯುವ ಪಾಯಸ ಜಗತ್ತಿನಲ್ಲಿ ಬೇರೆ ಇಲ್ಲ. ಲೈಟ್ ಬಂದ ಮೇಲೆ ಆ ನೆಪವೂ ಬೇಡವಾಯಿತು. ಅವಳ ಕೈಯಲ್ಲಿ ಕೆಲಸ ಇತ್ತು. ಕೈಯಲ್ಲಿ ಕೆಲಸ ಇರುವವಳನ್ನು ಕರೆಯುವ ಪ್ರಶ್ನೆಯೇ ಏಳುವುದಿಲ್ಲ. ಮನೆಮಂದಿಗೆಲ್ಲ ಉಸಿರು ಬಂದ ಹಾಗಾಯಿತು. ಯಾರೂ ಬಾಯಿಬಿಡದೆ, ಯಾರೂ ಸಹಿ ಹಾಕದೆ ಒಂದು ತೀರ್ಪು ಹೊರಬಿದ್ದು, ವರ್ಷವರ್ಷ ಸಾವಿರ ವ್ಯಾಟಿನ ಬೆಳಕಿನಲ್ಲಿ ಜಾರಿಯಾಯಿತು.

ಹುಡುಗಿಗೆ ಇದು ಯಾವುದೂ ಗೊತ್ತಿರಲಿಲ್ಲ. ಅವಳ ಪಾಲಿಗೆ ಅದು ಹಳೆಯ ಕಾಲದ ಒಂದು ಚಂದದ ವೇಷ. ತನ್ನನ್ನು ಸಾಕಿದವಳನ್ನು ತನ್ನ ಮದರಂಗಿಯ ದಿನ ಗೋಡೆಗೆ ನಿಲ್ಲಿಸುತ್ತಿದ್ದೇನೆ ಎಂದು ಅವಳಿಗೆ ಹೊಳೆಯಲೇ ಇಲ್ಲ. ನಾನು ಈ ಹಳೆಯದರ ಪ್ರೀತಿಯನ್ನು ಖಂಡಿಸುವುದು ಇದಕ್ಕೇ. ಅದಕ್ಕೆ ಬೇಕಾದದ್ದು ಮಸುಕು. ಮಸುಕಿನಲ್ಲಿ ಯಾರು ಎಲ್ಲಿ ನಿಂತಿದ್ದರು, ಯಾಕೆ ನಿಂತಿದ್ದರು ಎಂದು ಕೇಳಲು ಬರುವುದಿಲ್ಲ.

ನಾನು ತಮ್ಮನನ್ನು ಬದಿಗೆ ಕರೆದು, ಅಕ್ಕನನ್ನು ಬಿಡು, ಲೈಟ್ ಹಿಡಿಯಲು ಕಂಕನಾಡಿಯ ಅಂಗಡಿಯವನನ್ನು ಕರೆ ಎಂದೆ. ಅವನು ನನ್ನ ಮುಖವನ್ನು ಪರಕೀಯನ ಮುಖದ ಹಾಗೆ ನೋಡಿ, ಅಕ್ಕನಿಗೆ ಬೇಜಾರಾಗುತ್ತದೆ ಅಣ್ಣ, ಇಷ್ಟು ವರ್ಷ ಅವಳೇ ಹಿಡಿದದ್ದು, ಈಗ ಬೇರೆಯವರಿಗೆ ಕೊಟ್ಟರೆ ಹೇಗೆ ಎಂದ. ನಿಜವಾಗಿ ಹಾಗೆಯೇ ನಂಬಿದ್ದ ಎಂದು ಕಾಣುತ್ತದೆ. ಕ್ಯಾಮರಾದ ಸಣ್ಣ ತೂತಿನಿಂದ ನೋಡಿ ನೋಡಿ ಅವನಿಗೆ ಅಷ್ಟೇ ಅಗಲ ಕಾಣುವುದು ಅಭ್ಯಾಸವಾಗಿತ್ತು.

ಮದರಂಗಿಯ ದಿನ ಸಂಜೆಯ ಹೊತ್ತಿಗೆ ಅಂಗಳ ತುಂಬಿತು. ನೆಂಟರು, ಹುಡುಗಿಯ ಗೆಳತಿಯರು, ಬಾಯಮ್ಮನ ಮನೆಯವರು. ಹಳದಿ ಬಲ್ಬಿನ ಸರ ಉರಿಯುತ್ತಿತ್ತು; ಅದರ ಕೆಳಗೆ ಎದುರಿಗೆ ಬಂದವರು ಗಂಡಸೋ ಹೆಂಗಸೋ ಎಂದು ನೋಡಲು ಹತ್ತಿರ ಹೋಗಬೇಕಿತ್ತು, ಹತ್ತಿರ ಹೋಗುವಂತೆಯೂ ಇರಲಿಲ್ಲ. ಹಿತ್ತಲಿನಿಂದ ಕೋಳಿ ಗಸಿಯ ಪರಿಮಳ ಬರುತ್ತಿತ್ತು. ಹುಡುಗಿ ಮಣೆಯ ಮೇಲೆ ಹಸಿರು ಸೀರೆಯುಟ್ಟು ಕೂತಿದ್ದಳು. ಅಕ್ಕನೂ ಹೊಸ ಸೀರೆ ಉಟ್ಟಿದ್ದಳು. ಯಾವತ್ತೂ ನಿಲ್ಲುವ ಗೋಡೆಯ ಬಳಿ ಹೋಗದೆ ಎದುರಿನ ಸಾಲಿನ ಕುರ್ಚಿಯಲ್ಲಿ ಕೈ ಮಡಚಿ ಕೂತಳು.

ತಮ್ಮ ಬಂದು ಹ್ಯಾಲೊಜನ್ನನ್ನು ಅವಳ ಕಾಲಬುಡದಲ್ಲಿ ಇಟ್ಟ. ಬೈರಾಸನ್ನೂ ತಂದಿದ್ದ, ಅಷ್ಟು ಮುತುವರ್ಜಿ. ಅಕ್ಕ, ತಗೊ ಎಂದ.

ಅಕ್ಕ ಅದನ್ನು ಮುಟ್ಟಲಿಲ್ಲ. ಮನೆಯ ಮಾತು ತುಳು; ಅವಳು ಹೇಳಿದ್ದನ್ನು ಕನ್ನಡಕ್ಕೆ ತಂದರೆ ಖಾರ ಅರ್ಧ ಇಳಿಯುತ್ತದೆ, ಉಳಿದ ಅರ್ಧವನ್ನು ಕೊಡುತ್ತೇನೆ.

“ಹಿಡೀತೇನೆ,” ಎಂದಳು. “ನಾನೇ ಯಾಕೆ ಹಿಡೀಬೇಕು ಅಂತ ಹೇಳು.”

“ಎಂತ ಅಕ್ಕ ನೀನು, ನಿನ್ನ ಕೈ ನಡುಗುವುದಿಲ್ಲ ಅಲ್ವಾ?”

“ಎಪ್ಪತ್ತು ಕಳೀತು ಮಾರಾಯ. ನಡುಗ್ತದೆ. ಬೇರೆ ಹೇಳು.”

“ನೀನು ಎತ್ತರ ಉಂಟಲ್ಲ.”

“ಅಲ್ಲಿ ಅವಳ ಗೆಳತಿಯರನ್ನು ನೋಡು, ಎಲ್ಲ ನನಗಿಂತ ಎತ್ತರ. ಮುಂದಿನದು.”

ಮುಂದಿನದು ಎಂದ ರೀತಿ, ಕೋರ್ಟಿನ ಬಾಗಿಲಲ್ಲಿ ಕೇಸು ಕೂಗುವವನ ಹಾಗಿತ್ತು. ತಮ್ಮ ಕ್ಯಾಮರಾದ ಬ್ಯಾಟರಿಯನ್ನು ತೆಗೆದು, ಊದಿ, ಮತ್ತೆ ಹಾಕಿದ. ಮಗಳಿಗೆ ಆಸೆ ಅಂತ ಹೇಳಿದ. ಮಗಳ ಆಸೆ ನನಗೆ ಗೊತ್ತುಂಟು, ನಾನು ಕೇಳಿದ್ದು ನಿನ್ನ ಕಾರಣ ಎಂದು ಅಕ್ಕ ಹೇಳಿದಳು. ಅವಳ ಧ್ವನಿ ಏರಿರಲಿಲ್ಲ. ಆದರೆ ಸುತ್ತ ಕೂತವರ ಕುತ್ತಿಗೆ ಒಂದೊಂದೇ ಈ ಕಡೆ ತಿರುಗಿತು. ಮಂಗಳೂರಿನ ನೆಂಟರು ಊಟದ ವಾಸನೆ ಬಿಟ್ಟು ಇನ್ನೊಂದು ಕಡೆ ಗಮನ ಕೊಡುವುದು ಅಪರೂಪ.

ಮುತ್ತೈದೆಯರ ಸಾಲಿನಲ್ಲಿ ತಟ್ಟೆ ಹಿಡಿದು ಮೊದಲಿಗೆ ನಿಂತವಳು ನನ್ನ ಹೆಂಡತಿ, ಅವಳ ಹಿಂದೆ ತಮ್ಮನ ಹೆಂಡತಿ. ಗಂಡ ಬಾಯಿ ಬಿಡುವುದಿಲ್ಲ, ಗಳಿಗೆ ಮೀರುತ್ತದೆ ಎಂದು ಕಂಡ ಮೇಲೆ ತಮ್ಮನ ಹೆಂಡತಿಯೇ ಹೇಳಿದಳು.

“ಅಕ್ಕ, ಮೊದಲು ಮುತ್ತೈದೆಯರು ಇಡಬೇಕಲ್ಲ. ಆ ಹೊತ್ತಿಗೆ ನೀವು ಸುಮ್ಮನೆ ಕೂತರೆ ನಿಮಗೇ ಬೇಜಾರು. ಹಾಗಾಗಬಾರದು ಅಂತ ಲೈಟ್ ಕೊಟ್ಟದ್ದು. ಮೊದಲಿನಿಂದಲೂ ಹಾಗೇ ಅಲ್ವಾ?”

ಅವಳು ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ನಾವೆಲ್ಲ ಒಳ್ಳೆಯ ಮನಸ್ಸಿನಿಂದಲೇ ಅಷ್ಟು ವರ್ಷ ಹೇಳದೆ ಇದ್ದದ್ದು.

ಅಕ್ಕ ತಲೆಯಾಡಿಸಿದಳು. “ಇಷ್ಟೇ. ಇದನ್ನು ಹೇಳಲಿಕ್ಕೆ ನಿಮಗೆ ಇಷ್ಟು ದೊಡ್ಡ ಲೈಟ್ ಬೇಕಾಯ್ತಾ?”

ಬೈರಾಸನ್ನು ಕಾಲಿನಿಂದ ಬದಿಗೆ ಸರಿಸಿ ಕುರ್ಚಿಗೆ ಒರಗಿ ಕೂತಳು. ಹೇಳಿಸಬೇಕಾದದ್ದನ್ನು ಹೇಳಿಸಿದ ಮೇಲೆ ಅವಳಿಗೆ ಮತ್ತೇನೂ ಬೇಕಿರಲಿಲ್ಲ ಎಂದು ನನಗೆ ತೋರಿತು. ಇನ್ನು ನಡೆಯಲಿ ಎನ್ನುವ ಮುಖ.

ನಡೆಯಲಿಲ್ಲ. ಹುಡುಗಿ ಇದನ್ನೆಲ್ಲ ಕೇಳಿದ್ದಳು. ಮೊದಲು ಅಮ್ಮನ ಮುಖ ನೋಡಿದಳು, ಆಮೇಲೆ ಅಪ್ಪನದು, ಆಮೇಲೆ ನನ್ನದು. ನಾನು ಬಲ್ಬಿನ ಸರ ನೋಡಿದೆ. ಆ ಭಾನುವಾರ ಹಿಂದೆ ಮುಂದೆ ಮಾಡಿ ನಗಿಸಿದ ಕೂಗು ಅವಳ ಕಿವಿಗೆ ಈಗ ಬೇರೆ ತರ ಕೇಳಿಸಿರಬೇಕು. ಮದರಂಗಿಗೆಂದು ಬಿಡಿಸಿ ಇಟ್ಟಿದ್ದ ಎರಡು ಕೈಗಳನ್ನೂ ಮುಷ್ಟಿ ಕಟ್ಟಿ ಮಡಿಲಲ್ಲಿ ಇಟ್ಟುಕೊಂಡು, ಮಾಮಿ ಇಡುವುದಾದರೆ ಮಾತ್ರ ಬಿಡಿಸುತ್ತೇನೆ ಎಂದಳು.

ಹಿರಿಯರು ಸಮಾಧಾನ ಹೇಳಿದರು. ಪದ್ಧತಿ ಎಂದರು, ಶಕುನ ಎಂದರು, ಹುಡುಗನ ಕಡೆಯವರ ಕಿವಿಗೆ ಬಿದ್ದರೆ ಎಂದರು. ಮುಷ್ಟಿ ಬಿಡಲಿಲ್ಲ. ಈ ಗಲಾಟೆಯ ನಡುವೆ ನನ್ನ ತಮ್ಮ, ಕ್ಯಾಮರಾವನ್ನು ಕಣ್ಣಿನಿಂದ ಇಳಿಸದೆ, ಅಂದಿನ ಅತಿ ಮುಖ್ಯವಾದ ಪ್ರಶ್ನೆ ಕೇಳಿದ.

“ಅದೆಲ್ಲ ಸರಿ. ಲೈಟ್ ಯಾರು ಹಿಡಿಯುವುದು?”

ಯಾರೂ ಕೈ ಮುಂದೆ ಮಾಡಲಿಲ್ಲ. ಗೆಳತಿಯರು ಹಿಂದೆ ಸರಿದರು. ಅಂಗಳದಲ್ಲಿ ಅಷ್ಟು ಜನ ಇದ್ದರೂ ಆ ತಗಡಿನ ಪೆಟ್ಟಿಗೆಯ ಸುತ್ತ ಒಂದು ಮಾರು ಜಾಗ ಖಾಲಿಯಾಯಿತು. ಅದನ್ನು ಹಿಡಿದವರಿಗೆ ಏನರ್ಥ ಬರುತ್ತದೆ ಎಂದು ಈಗಷ್ಟೇ ಸಭೆಯಲ್ಲಿ ಪ್ರಕಟವಾಗಿತ್ತಲ್ಲ.

ಕೊನೆಗೆ ಎದ್ದವಳು ಅಕ್ಕ. ಹುಡುಗಿಯ ಎದುರು ಹೋಗಿ ನಿಂತು, ನಾಟಕ ಸಾಕು, ನೆಂಟರಿಗೆ ಹಸಿವೆ, ಗಸಿ ತಣೀತದೆ, ಮುಷ್ಟಿ ಬಿಡು ಎಂದು ಗದರಿದಳು. ಲೆಕ್ಕದಲ್ಲಿ ಫೇಲಾಗಿ ಬಂದ ದಿನ ಬಳಸಿದ ಧ್ವನಿಯೇ. ಹುಡುಗಿ ತಲೆ ಅಲ್ಲಾಡಿಸಿದಳು. ನನ್ನ ಹೆಂಡತಿ, ಮದುವೆಯಾದಂದಿನಿಂದ ನನ್ನನ್ನು ಕೇಳದೆ ಯಾವ ದೊಡ್ಡ ನಿರ್ಧಾರವನ್ನೂ ಮಾಡದವಳು ಎಂದು ನಾನು ನಂಬಿಕೊಂಡಿದ್ದವಳು, ಕೈಯಲ್ಲಿದ್ದ ಮದರಂಗಿಯ ತಟ್ಟೆಯನ್ನು ಅಕ್ಕನ ಕೈಗೆ ಇಟ್ಟು ಪಕ್ಕಕ್ಕೆ ಸರಿದು ನಿಂತಳು. ತಮ್ಮನ ಹೆಂಡತಿ ಚಪ್ಪರದ ಕಂಬವನ್ನು ನೋಡುತ್ತಿದ್ದಳು. ಕಂಬ ಗಟ್ಟಿಯಾಗಿಯೇ ಇತ್ತು.

ಅಕ್ಕ ಮಂಡಿ ಹಿಡಿದುಕೊಂಡು ನಿಧಾನವಾಗಿ ಕೆಳಗೆ ಕೂತಳು. ಹುಡುಗಿಯ ಬಲಗೈಯನ್ನು ಎಳೆದು, ಗಂಟು ಬಿಡಿಸುವ ಹಾಗೆ ಒಂದೊಂದು ಬೆರಳನ್ನೂ ಬಿಡಿಸಿದಳು. ಈಗಿನ ಬಳ್ಳಿ ನವಿಲು ಏನೂ ಇಲ್ಲ; ತೋರುಬೆರಳಿನಲ್ಲಿ ಅರೆದ ಸೊಪ್ಪು ತೆಗೆದು ಅಂಗೈಯ ನಡುವೆ ದುಂಡಗೆ ಒಂದು ಬೊಟ್ಟು ಒತ್ತಿದಳು. ಹುಡುಗಿ ಅಳುತ್ತಿದ್ದಳು.

“ಕೈ ಅಲ್ಲಾಡಿಸಬೇಡ,” ಎಂದಳು ಅಕ್ಕ. “ಅಳುವುದಾದರೆ ಆಚೆ ನೋಡಿ ಅಳು. ಮದರಂಗಿಗೆ ನೀರು ಬೀಳ್ತದೆ.”

ಅವಳ ನಂತರ ಮುತ್ತೈದೆಯರು ಇಟ್ಟರು. ಎಲ್ಲಕ್ಕೂ ಕೊನೆಯಲ್ಲಿ ತಮ್ಮನ ಹೆಂಡತಿ ಬಂದು, ಅಕ್ಕ ಇಟ್ಟ ಬೊಟ್ಟಿಗೆ ತಾಗದ ಹಾಗೆ ಬದಿಯಲ್ಲಿ ಇಟ್ಟಳು. ಅಂದಿನಿಂದ ಅವಳು ಅಕ್ಕನೊಡನೆ ಅಗತ್ಯಕ್ಕಿಂತ ಹೆಚ್ಚು ಮರ್ಯಾದೆಯಿಂದ ಮಾತಾಡುತ್ತಾಳೆ. ಜಗಳ ಮುಗಿದಿಲ್ಲ ಎಂದು ಇದರ ಅರ್ಥ. ತಮ್ಮ ಈಗಲೂ ನನಗೆ ಫೋನು ಮಾಡಿ, ಅಕ್ಕ ಎಲ್ಲರೆದುರು ಹಾಗೆ ಕೇಳಬಾರದಿತ್ತು, ಒಳಗೆ ಕರೆದು ಕೇಳಬಹುದಿತ್ತು ಎನ್ನುತ್ತಾನೆ. ಒಳಗೆ ಕರೆದು ಕೇಳಿದ್ದರೆ ನೀನು ಏನು ಹೇಳುತ್ತಿದ್ದೆ ಎಂದರೆ, ಕೈ ನಡುಗುವುದಿಲ್ಲ ಅಂತ ಹೇಳುತ್ತಿದ್ದೆ ಎನ್ನುತ್ತಾನೆ. ಅವನ ಪ್ರಾಮಾಣಿಕತೆಯಲ್ಲಿ ದೋಷವಿಲ್ಲ.

ಲೈಟ್ ಇಲ್ಲದಿದ್ದರೂ ಅವನು ಕ್ಯಾಮರಾ ನಿಲ್ಲಿಸಿರಲಿಲ್ಲ. ಆ ಕ್ಯಾಸೆಟ್ಟನ್ನೂ ಕಂಕನಾಡಿಯ ಅಂಗಡಿಯವನು ಪೆನ್‌ಡ್ರೈವಿಗೆ ಹಾಕಿ ಕೊಟ್ಟ. ಮದುವೆ ಮುಗಿದು ಹೊಸ ಗಂಡನೊಡನೆ, ಅಪ್ಪನನ್ನೂ ಕರೆದುಕೊಂಡು ಊಟಕ್ಕೆ ಬಂದಾಗ ಹುಡುಗಿ ನಮ್ಮ ಟಿ.ವಿ.ಯಲ್ಲಿ ಅದನ್ನು ಹಾಕಿದಳು. ಕತ್ತಲೆ. ಮೇಲೆ ಹಳದಿ ಚುಕ್ಕಿಗಳ ಒಂದು ಸಾಲು, ಕೆಳಗೆ ಕಪ್ಪಿನಲ್ಲಿ ಇನ್ನಷ್ಟು ಕಪ್ಪು ಅಲುಗಾಡುತ್ತದೆ. ಮದುಮಗಳು ಕಾಣುವುದಿಲ್ಲ, ಮುತ್ತೈದೆಯರು ಕಾಣುವುದಿಲ್ಲ, ಕಂಬವೂ ಕಾಣುವುದಿಲ್ಲ. ಕೈ ಅಲ್ಲಾಡಿಸಬೇಡ ಎನ್ನುವ ಧ್ವನಿ ಮಾತ್ರ ಸ್ಪಷ್ಟವಾಗಿ ಕೇಳಿಸುತ್ತದೆ. ಅಂಗಡಿಯವನು ಎಷ್ಟು ಬೆಳಕು ಹೆಚ್ಚಿಸಿದರೂ ಏನೂ ಬರಲಿಲ್ಲವಂತೆ. ಇದೇ ಬೆಸ್ಟ್ ಎಂದು ಹುಡುಗಿ ಎರಡು ಸಲ ಹಾಕಿದಳು. ಈ ಸಲ ಯಾರೂ ನಗಲಿಲ್ಲ; ಅವಳ ಗಂಡ, ಟಿ.ವಿ. ಹಾಳಾಗಿದೆಯೇ ಎಂದು ನನ್ನನ್ನು ಮೆಲ್ಲಗೆ ಕೇಳಿದ.

ಅಕ್ಕ ಕನ್ನಡಕ ಏರಿಸಿಕೊಂಡು ಟಿ.ವಿ.ಯ ಹತ್ತಿರ ಹೋಗಿ, ಆ ಕತ್ತಲೆಯನ್ನು ಎಡದಿಂದ ಬಲಕ್ಕೆ ಪೂರ್ತಿ ಪರೀಕ್ಷಿಸಿದಳು. ಆಮೇಲೆ ಬಹಳ ತೃಪ್ತಿಯಿಂದ, ನನ್ನ ತಮ್ಮನ ಕಡೆಗೆ ತಿರುಗಿ ಹೇಳಿದಳು:

“ಲೈಟ್ ಹಿಡಿಯುವವರು ಸರಿ ಇಲ್ಲದಿದ್ದರೆ ಹೀಗೇ ಆಗುವುದು.”